ಬೀಗದ ಪುಟ, ಬಯಲು ಪುಟ ಮತ್ತು ನಡುವೆ ಕಾಣೆಯಾಗುವ ಸೆಷನ್

ಬುಟ್ಟಿಗೆ ನಾಲ್ಕು ಪುಸ್ತಕ ಹಾಕಿ ‘ಹಣ ಪಾವತಿಸಿ’ ಗುಂಡಿ ಒತ್ತಿದರೆ ಮುಂದಿನ ಪುಟದಲ್ಲಿ ಬುಟ್ಟಿ ಖಾಲಿ. ಲಾಗಿನ್ ಆಗಿ ಖಾತೆ ನೋಡಿಕೊಂಡು ಮುಖಪುಟಕ್ಕೆ ಮರಳಿದವರಿಗೆ ‘ಅತಿಥಿಗಳೇ, ದಯವಿಟ್ಟು ಲಾಗಿನ್ ಆಗಿ’ ಎಂಬ ಉಪಚಾರ. ಅರ್ಜಿಯ ಎರಡು ಪುಟ ತುಂಬಿ ಮೂರನೆಯದಕ್ಕೆ ಬಂದರೆ ಮತ್ತೆ ಮೊದಲಿನಿಂದ ಹೆಸರು, ಊರು, ಪಿನ್‌ಕೋಡ್. ಈ ಶತಮಾನದ ಮೊದಲ ಹತ್ತು ಹದಿನೈದು ವರ್ಷ ವೆಬ್ ಪ್ರೋಗ್ರಾಮರ್‌ಗಳ ನಿದ್ದೆ ಕೆಡಿಸಿದ ದೂರುಗಳಿವು. ಕೇಳುವುದಕ್ಕೆ ಬೇರೆ ಬೇರೆ. ಆದರೆ ಕೆದಕಿ ನೋಡಿದರೆ ಹಲವು ಸಲ ಮೂಲ ಒಂದೇ. ಪುಟದ ವಿಳಾಸ ಬಯಲಿನ ಎಚ್‌ಟಿಟಿಪಿಯಿಂದ ಬೀಗದ ಎಚ್‌ಟಿಟಿಪಿಎಸ್‌ಗೆ, ಇಲ್ಲವೇ ಅಲ್ಲಿಂದ ಹಿಂದಕ್ಕೆ ದಾಟಿದ ಗಳಿಗೆಯಲ್ಲಿ ಸೆಷನ್ ವೇರಿಯಬಲ್‌ಗಳು ಮಾಯವಾಗುತ್ತಿದ್ದವು.

ಇದನ್ನು ‘ಬಗ್’ ಎಂದು ಕರೆದು ಮದ್ದು ಹುಡುಕಿದವರೇ ಹೆಚ್ಚು. ಆ ಮದ್ದುಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದಾಗ ನನಗೆ ಅನ್ನಿಸುವುದೇ ಬೇರೆ. ಬಹುಪಾಲು ಸಂದರ್ಭಗಳಲ್ಲಿ ಬ್ರೌಸರ್ ತಪ್ಪು ಮಾಡಿರಲಿಲ್ಲ, ತನಗೆ ಹೇಳಿದ್ದನ್ನೇ ಮಾಡುತ್ತಿತ್ತು. ಅದನ್ನು ‘ಸರಿಪಡಿಸಿದ’ ದಾರಿಗಳಲ್ಲಿ ಹಲವು, ಬಳಕೆದಾರನ ಬೀಗವನ್ನೇ ಕಳಚಿ ಕೈಗೆ ಕೊಟ್ಟಂಥವು.

ಮೊದಲು ಸೆಷನ್ ಎಂದರೇನು ಎಂಬುದನ್ನು ಗಟ್ಟಿ ಮಾಡಿಕೊಳ್ಳೋಣ. ಎಚ್‌ಟಿಟಿಪಿಗೆ ನೆನಪಿಲ್ಲ. ಒಂದು ಪುಟ ಕೇಳಿದಿರಿ, ಸರ್ವರ್ ಕೊಟ್ಟಿತು, ಅಲ್ಲಿಗೆ ವ್ಯವಹಾರ ಮುಗಿಯಿತು. ಮರುಕ್ಷಣ ಇನ್ನೊಂದು ಪುಟ ಕೇಳಿದವರು ನೀವೇ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಈ ಮರೆವಿಗೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಕಂಡುಕೊಂಡ ಉಪಾಯವೇ ಕುಕಿ. ಆನ್‌ಲೈನ್ ಅಂಗಡಿಯ ಬುಟ್ಟಿಯನ್ನು ನೆನಪಿಡುವುದು ಹೇಗೆಂಬುದು ಆಗ ಅವರ ಮುಂದಿದ್ದ ಪ್ರಶ್ನೆಗಳಲ್ಲೊಂದು. ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವಲ್ಲಿ ಕೊಡುವ ಟೋಕನ್ ಇದ್ದ ಹಾಗೆ ಇದು. ಚಪ್ಪಲಿ ಇರುವುದು ಕೌಂಟರಿನ ಹಿಂದೆ, ನಮ್ಮ ಕೈಯಲ್ಲಿರುವುದು ಬರೀ ಸಂಖ್ಯೆ. ಪಿಎಚ್‌ಪಿಯಲ್ಲಾಗಲಿ ಜಾವಾದಲ್ಲಾಗಲಿ ಎಎಸ್‌ಪಿಯಲ್ಲಾಗಲಿ, ಸೆಷನ್ ವೇರಿಯಬಲ್‌ಗಳು ಇರುವುದು ಸರ್ವರ್‌ನಲ್ಲಿ. ಬ್ರೌಸರ್ ಬಳಿ ಇರುವುದು ಊಹಿಸಲಾಗದ ಒಂದು ಉದ್ದನೆಯ ಗುರುತುಸಂಖ್ಯೆ. ಪಿಎಚ್‌ಪಿ ಅದನ್ನು ‘ಪಿಎಚ್‌ಪಿಸೆಸ್ಐಡಿ’ ಎಂಬ ಹೆಸರಿನ ಕುಕಿಯಲ್ಲಿ ಇಡುತ್ತದೆ, ಜಾವಾದ ಟಾಮ್‌ಕ್ಯಾಟ್ ಸರ್ವರ್ ‘ಜೆಸೆಷನ್ಐಡಿ’ಯಲ್ಲಿ.

ಹಾಗಾಗಿ ‘ಸೆಷನ್ ವೇರಿಯಬಲ್ ಕಳೆದುಹೋಯಿತು’ ಎಂಬ ಮಾತು ಹೆಚ್ಚಿನ ಸಲ ಸುಳ್ಳು. ಅದು ಇದ್ದಲ್ಲೇ ಇರುತ್ತದೆ. ಗುರುತುಸಂಖ್ಯೆ ಸರ್ವರ್‌ಗೆ ತಲುಪಿಲ್ಲ, ಇಲ್ಲವೇ ತಲುಪಿದರೂ ಸರ್ವರ್ ಬೇರೆಲ್ಲೋ ಹುಡುಕುತ್ತಿದೆ. ಈ ಎರಡನ್ನು ಬೇರ್ಪಡಿಸದೆ ಕೋಡ್ ತಿದ್ದಲು ಕೂತವರು ದಿನಗಟ್ಟಲೆ ಕೂತೇ ಇರುತ್ತಾರೆ.

ಒಂದೇ ತಾಣದಲ್ಲಿ ಅರ್ಧ ಪುಟಗಳಿಗೆ ಬೀಗ, ಇನ್ನರ್ಧ ಬಯಲು ಎಂಬ ವಿಚಿತ್ರ ವ್ಯವಸ್ಥೆ ಏಕೆ ಬಂತು? ಎಚ್‌ಟಿಟಿಪಿಎಸ್‌ನ ಹಿಂದಿರುವ, ಸಂವಹನವನ್ನು ಗೂಢಲಿಪಿಯಲ್ಲಿ ಕಳಿಸುವ ಎಸ್ಎಸ್ಎಲ್ ಕೂಡ ನೆಟ್‌ಸ್ಕೇಪ್‌ನದೇ ಕೂಸು. ಎರಡನೆಯ ಆವೃತ್ತಿ 1995ರಲ್ಲಿ, ಮೂರನೆಯದು 1996ರಲ್ಲಿ ಬಂತು. 1999ರಲ್ಲಿ ಅದು ಟಿಎಲ್ಎಸ್ ಎಂಬ ಹೆಸರಿನ ಮಾನಕವಾಯಿತು. ಬಯಲು ಮಾತುಕತೆ 80ನೇ ಪೋರ್ಟ್‌ನಲ್ಲಿ, ಬೀಗದ ಮಾತುಕತೆ 443ರಲ್ಲಿ. ಆಗಿನ ಕಾಲದ ಸರ್ವರ್‌ಗಳಿಗೆ ಗೂಢಲಿಪಿಯ ಲೆಕ್ಕಾಚಾರ ಭಾರವೆನಿಸುತ್ತಿತ್ತು. ತಾಣದ ಗುರುತು ಸಾಬೀತು ಮಾಡುವ ಪ್ರಮಾಣಪತ್ರಕ್ಕೆ ವರ್ಷ ವರ್ಷ ದುಡ್ಡು ತೆರಬೇಕಿತ್ತು. ಒಂದು ಐಪಿ ವಿಳಾಸಕ್ಕೆ ಒಂದೇ ಪ್ರಮಾಣಪತ್ರ ಎಂಬ ಇಕ್ಕಟ್ಟೂ ಇತ್ತು. ಅದನ್ನು ಬಿಡಿಸುವ ಎಸ್ಎನ್ಐ ಎಂಬ ವಿಸ್ತರಣೆ 2003ರಲ್ಲೇ ರೂಪುಗೊಂಡರೂ ವಿಂಡೋಸ್ ಎಕ್ಸ್‌ಪಿ ಮೇಲಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದನ್ನು ಕೊನೆಯವರೆಗೂ ಕಲಿಯಲಿಲ್ಲ. ಬೀಗದ ಪುಟದೊಳಗೆ ಬಯಲು ತಾಣದ ಒಂದು ಚಿತ್ರ ನುಸುಳಿದರೂ ಎಚ್ಚರಿಕೆಯ ಪೆಟ್ಟಿಗೆ ಎದ್ದು ಗಿರಾಕಿಯನ್ನು ಹೆದರಿಸುತ್ತಿತ್ತು. ಇಷ್ಟೆಲ್ಲ ತಾಪತ್ರಯ ಯಾಕೆಂದು ಎಲ್ಲರೂ ಪಾಸ್‌ವರ್ಡ್ ಕೇಳುವ ಪುಟಕ್ಕೆ, ಕಾರ್ಡ್ ನಂಬರ್ ಕೇಳುವ ಪುಟಕ್ಕೆ ಮಾತ್ರ ಬೀಗ ಹಾಕಿ, ಉಳಿದದ್ದನ್ನು ಬಯಲಿಗೆ ಬಿಟ್ಟರು. ಅಂದಿನ ಮಟ್ಟಿಗೆ ಅದು ದಡ್ಡತನವಲ್ಲ, ಲೆಕ್ಕಾಚಾರ. ಆದರೆ ತಾಣದ ನಡುಮಧ್ಯೆ ಒಂದು ಗಡಿ ಎದ್ದಿತು, ಸೆಷನ್ ದಿನವಿಡೀ ಆ ಗಡಿ ದಾಟಬೇಕಾಯಿತು.

ಅನೇಕರಿಗೆ ಅಚ್ಚರಿಯೆನಿಸುವ ಸಂಗತಿಯೊಂದಿದೆ. ಮೂಲ ನಿಯಮದ ಪ್ರಕಾರ ಕುಕಿಗೆ ಈ ಗಡಿಯೇ ಕಾಣುವುದಿಲ್ಲ. ಅದು ನೋಡುವುದು ಹೋಸ್ಟ್ ಹೆಸರನ್ನು ಮತ್ತು ಪಾತ್ ಅನ್ನು. ಪೋರ್ಟ್ ಯಾವುದು, ಬೀಗ ಇದೆಯೇ ಇಲ್ಲವೇ ಎಂದು ಕೇಳುವುದಿಲ್ಲ. ಕುಕಿಗಳ ನಡವಳಿಕೆಯನ್ನು 2011ರಲ್ಲಿ ಬರೆದಿಟ್ಟ ಆರ್‌ಎಫ್‌ಸಿ 6265 ಎಂಬ ಮಾನಕ, ಪೋರ್ಟ್‌ನಿಂದಾಗಲಿ ಸ್ಕೀಮ್‌ನಿಂದಾಗಲಿ (ಅಂದರೆ ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಎಂಬುದರಿಂದ) ಕುಕಿಗಳು ಬೇರ್ಪಡುವುದಿಲ್ಲವೆಂದು ಒಂದು ದೌರ್ಬಲ್ಯವಾಗಿಯೇ ಒಪ್ಪಿಕೊಳ್ಳುತ್ತದೆ. ಬಯಲು ಪುಟದಲ್ಲಿ ಕೊಟ್ಟ ಸೆಷನ್ ಕುಕಿ ಅದೇ ಹೋಸ್ಟ್‌ನ ಬೀಗದ ಪುಟಕ್ಕೂ ಹೋಗುತ್ತದೆ. ಏನೂ ಮಾಡದಿದ್ದರೆ ಎಲ್ಲವೂ ಸರಿಯಾಗಿ ನಡೆಯಬೇಕು! ನಡೆಯುತ್ತಿಲ್ಲವೆಂದರೆ ಯಾರೋ ಏನೋ ಮಾಡಿದ್ದಾರೆ ಎಂದರ್ಥ. ತನಿಖೆ ಶುರುವಾಗಬೇಕಾದ್ದು ಇಲ್ಲಿಂದ.

ಮೊದಲ ಶಂಕಿತ ‘ಸೆಕ್ಯೂರ್’ ಎಂಬ ಷರತ್ತು. ಇದು ಕುಕಿಯಷ್ಟೇ ಹಳೆಯದು, ನೆಟ್‌ಸ್ಕೇಪ್‌ನ ಮೊದಲ ವಿವರಣೆಯಲ್ಲೇ ಇತ್ತು. ಈ ಷರತ್ತು ಹೊತ್ತ ಕುಕಿಯನ್ನು ಬ್ರೌಸರ್ ಬೀಗದ ದಾರಿಯಲ್ಲಿ ಮಾತ್ರ ಕಳಿಸುತ್ತದೆ. ಟಾಮ್‌ಕ್ಯಾಟ್‌ನಲ್ಲಿ ಸೆಷನ್ ಎಚ್‌ಟಿಟಿಪಿಎಸ್ ಪುಟದಲ್ಲಿ ಹುಟ್ಟಿದರೆ ಅದರ ಕುಕಿಗೆ ಈ ಷರತ್ತು ತಾನಾಗಿ ಅಂಟಿಕೊಳ್ಳುತ್ತದೆ. ಬೀಗದ ಪುಟದಲ್ಲಿ ಲಾಗಿನ್ ಆಗಿ ಬಯಲು ಪುಟಕ್ಕೆ ಬಂದ ಕೂಡಲೇ ಸರ್ವರ್ ನಿಮ್ಮನ್ನು ಅಪರಿಚಿತರಂತೆ ನೋಡುತ್ತದೆ. ಮೊದಲು ಬಯಲಿನಲ್ಲಿ ಸೆಷನ್ ಹುಟ್ಟಿಸಿ ಆಮೇಲೆ ಬೀಗದೊಳಗೆ ಹೋದರೆ ತೊಂದರೆಯಿಲ್ಲ. ಒಂದೇ ತಾಣ, ಒಬ್ಬನಿಗೆ ಸರಿ, ಇನ್ನೊಬ್ಬನಿಗೆ ಕೆಟ್ಟಿದೆ; ವ್ಯತ್ಯಾಸ ಯಾವ ಬಾಗಿಲಿನಿಂದ ಒಳಬಂದರು ಎಂಬುದಷ್ಟೇ. ಪಿಎಚ್‌ಪಿಯಲ್ಲಿ ‘ಸೆಷನ್.ಕುಕಿ_ಸೆಕ್ಯೂರ್’ ಎಂಬ ಸೆಟ್ಟಿಂಗ್, ಎಎಸ್‌ಪಿ ಡಾಟ್ ನೆಟ್‌ನಲ್ಲಿ ‘ರಿಕ್ವೈರ್‌ಎಸ್ಎಸ್ಎಲ್’, ಜ್ಯಾಂಗೋದಲ್ಲಿ ‘ಸೆಷನ್_ಕುಕಿ_ಸೆಕ್ಯೂರ್’, ಹಳೆಯ ಎಎಸ್‌ಪಿ ಓಡುವ ಐಐಎಸ್ ಸರ್ವರ್‌ನಲ್ಲಿ ‘ಕೀಪ್ ಸೆಷನ್ ಐಡಿ ಸೆಕ್ಯೂರ್’: ಹೆಸರು ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ.

ಇದಕ್ಕೊಂದು ಉಪಕಥೆ ಇದೆ. ಸೆಕ್ಯೂರ್ ಕುಕಿಯನ್ನು ಬಯಲು ಪುಟ ಓದಲಾರದು ನಿಜ, ಆದರೆ ಅದೇ ಹೆಸರಿನ ಬೇರೆ ಕುಕಿ ಕೊಟ್ಟು ಅಳಿಸಿ ಬರೆಯಬಹುದಿತ್ತು. ಈ ಕಂಡಿಯನ್ನು ಕ್ರೋಮ್ 2016ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಮುಚ್ಚಿದವು. ಒಳ್ಳೆಯದೇ ಆಯಿತು. ಆದರೆ ಅದರ ಅಡ್ಡಪರಿಣಾಮ ಹಳೆಯ ತಾಣಗಳಿಗೆ ತಟ್ಟಿತು. ಬೀಗದ ಪುಟ ಒಮ್ಮೆ ಸೆಕ್ಯೂರ್ ಕುಕಿ ಕೊಟ್ಟಿದ್ದರೆ, ಬಯಲು ಪುಟ ಅದೇ ಹೆಸರಿನಲ್ಲಿ ತನ್ನದನ್ನು ಕೊಡಲು ಹೋದಾಗ ಬ್ರೌಸರ್ ಸದ್ದಿಲ್ಲದೆ ನಿರಾಕರಿಸುತ್ತದೆ. ಆಗ ಬಯಲಿನ ಪ್ರತಿ ಪುಟಕ್ಕೂ ಹೊಸ ಸೆಷನ್. ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. ವರ್ಷಗಟ್ಟಲೆ ಚೆನ್ನಾಗಿಯೇ ಓಡುತ್ತಿದ್ದ ತಾಣ ಬ್ರೌಸರ್ ಅಪ್‌ಡೇಟ್ ಆದ ಮರುದಿನ ಕೆಟ್ಟರೆ, ಕೋಡ್ ಮುಟ್ಟಿಲ್ಲವೆಂದು ಆಣೆ ಹಾಕುವ ಪ್ರೋಗ್ರಾಮರ್ ಸುಳ್ಳು ಹೇಳುತ್ತಿಲ್ಲ.

ಎರಡನೆಯ ಶಂಕಿತ ಹೋಸ್ಟ್ ಹೆಸರು. ಪ್ರಮಾಣಪತ್ರ ಕೊಂಡಿದ್ದು ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇರುವ ಹೆಸರಿಗೆ, ಗಿರಾಕಿ ಅಂಗಡಿ ಸುತ್ತಿದ್ದು ಅದಿಲ್ಲದ ಹೆಸರಿನಲ್ಲಿ. ಡೊಮೈನ್ ಹೇಳದೆ ಕೊಟ್ಟ ಕುಕಿ ಕೊಟ್ಟ ಹೋಸ್ಟ್‌ಗೆ ಮಾತ್ರ ಮರಳುತ್ತದೆ. ಹೀಗಾಗಿ ಬೀಗ ಬಂದ ಜಾಗದಲ್ಲೇ ಹೆಸರೂ ಬದಲಾಗಿ, ತಪ್ಪು ಬೀಗದ ತಲೆಗೆ ಬರುತ್ತದೆ. ಹೆಸರಿನ ಈ ವ್ಯತ್ಯಾಸ ನೋಡದೆ ಗೂಢಲಿಪಿಯ ಆಳಕ್ಕಿಳಿದವರು ಬಹಳ ಮಂದಿ. ಇದಕ್ಕಿಂತ ಕೆಟ್ಟದ್ದು ಹೋಸ್ಟಿಂಗ್ ಕಂಪನಿಗಳು ಅಗ್ಗಕ್ಕೆ ಕೊಡುತ್ತಿದ್ದ ‘ಹಂಚಿಕೆಯ ಎಸ್ಎಸ್ಎಲ್’. ಅಂಗಡಿ ನಿಮ್ಮ ಡೊಮೈನ್‌ನಲ್ಲಿ, ಹಣ ಕಟ್ಟುವ ಪುಟ ಮಾತ್ರ ಕಂಪನಿಯ ಡೊಮೈನ್‌ನಡಿ ನಿಮ್ಮ ಹೆಸರಿನ ಒಂದು ಕಡತಕೋಶದಲ್ಲಿ. ಒಂದು ಡೊಮೈನ್‌ನ ಕುಕಿ ಇನ್ನೊಂದಕ್ಕೆ ಹೋಗುವುದೆಂದರೆ ವೆಬ್‌ನ ಭದ್ರತೆಯೇ ಮುಗಿದಂತೆ. ಅಲ್ಲಿ ಸೆಷನ್ ದಾಟದಿರುವುದು ದೋಷವಲ್ಲ, ಕಾವಲು.

ಇನ್ನು ಗುರುತುಸಂಖ್ಯೆ ತಲುಪಿಯೂ ಸೆಷನ್ ಖಾಲಿ ಇರುವ ಪ್ರಸಂಗಗಳು. ನನ್ನ ಮಟ್ಟಿಗೆ ಇವೇ ಹೆಚ್ಚು ಕುತೂಹಲದವು, ಯಾಕೆಂದರೆ ಬ್ರೌಸರ್‌ನಲ್ಲಿ ಎಷ್ಟು ಹುಡುಕಿದರೂ ಇವು ಸಿಗುವುದಿಲ್ಲ. ಪ್ಲೆಸ್ಕ್ ಎಂಬ ಹೋಸ್ಟಿಂಗ್ ನಿಯಂತ್ರಣ ಫಲಕದ ಹಳೆಯ ಆವೃತ್ತಿಗಳು ಬಯಲು ಪುಟಗಳಿಗೆ ‘ಎಚ್‌ಟಿಟಿಪಿಡಾಕ್ಸ್’, ಬೀಗದ ಪುಟಗಳಿಗೆ ‘ಎಚ್‌ಟಿಟಿಪಿಎಸ್‌ಡಾಕ್ಸ್’ ಎಂದು ಎರಡು ಬೇರೆ ಕಡತಕೋಶ ಕೊಡುತ್ತಿದ್ದವು. ಒಂದೇ ತಾಣದ ಎರಡು ನಕಲು, ಎರಡಕ್ಕೂ ಬೇರೆ ಸೆಟ್ಟಿಂಗ್ ಇರುವ ಸಾಧ್ಯತೆ. ಇದರ ಮೇಲೆ ಸುಹೋಸಿನ್ ಎಂಬ ಪಿಎಚ್‌ಪಿ ಭದ್ರತಾ ವಿಸ್ತರಣೆ ಕೂತಿದ್ದರೆ ಮುಗಿಯಿತು. ಅದು ಸೆಷನ್ ದತ್ತಾಂಶವನ್ನು ಗೂಢಲಿಪಿಯಲ್ಲಿ ಬರೆಯುತ್ತಿತ್ತು, ಕೀಲಿಯ ತಯಾರಿಗೆ ತಾಣದ ಮೂಲ ಕಡತಕೋಶದ ಹೆಸರನ್ನೂ ಬೆರೆಸುತ್ತಿತ್ತು. ಕಡತಕೋಶ ಬೇರೆಯಾದ ಕೂಡಲೇ ಕೀಲಿಯೂ ಬೇರೆ. ಕುಕಿ ಬಂದಿದೆ, ಸಂಖ್ಯೆ ಅದೇ, ಸರ್ವರ್‌ನಲ್ಲಿ ಸೆಷನ್ ಕಡತ ಕಣ್ಣೆದುರೇ ಇದೆ, ಆದರೂ ಪುಟಕ್ಕೆ ಸಿಗುವುದು ಸೊನ್ನೆ. ದೇವರೇ ಬಂದು ಹೇಳಬೇಕು, ಇಲ್ಲವೇ ಸುಹೋಸಿನ್‌ನ ದಾಖಲೆ ಓದಬೇಕು.

ದೊಡ್ಡ ತಾಣಗಳಲ್ಲಿ ಇದೇ ಕಥೆ ಬೇರೆ ವೇಷದಲ್ಲಿ ನಡೆಯುತ್ತದೆ. ಮುಂದೆ ಲೋಡ್ ಬ್ಯಾಲೆನ್ಸರ್, ಹಿಂದೆ ಮೂರು ಸರ್ವರ್. 80ರಲ್ಲಿ ಬಂದವರನ್ನು ಒಂದು ಯಂತ್ರಕ್ಕೂ 443ರಲ್ಲಿ ಬಂದವರನ್ನು ಇನ್ನೊಂದಕ್ಕೂ ಕಳಿಸಿದರೆ, ಸೆಷನ್ ಆಯಾ ಯಂತ್ರದ ಮೆಮೊರಿಯಲ್ಲೋ ಡಿಸ್ಕ್‌ನಲ್ಲೋ ಇದ್ದರೆ, ಎರಡನೆಯ ಯಂತ್ರಕ್ಕೆ ಆ ಸಂಖ್ಯೆ ಕೇಳಿಯೇ ಗೊತ್ತಿರುವುದಿಲ್ಲ. ಎಎಸ್‌ಪಿ ಡಾಟ್ ನೆಟ್ ಸೆಷನ್ ಅನ್ನು ತನ್ನ ಪ್ರೊಸೆಸ್‌ನೊಳಗೇ ಇಟ್ಟುಕೊಳ್ಳುವ ‘ಇನ್‌ಪ್ರಾಕ್’ ವಿಧಾನಕ್ಕೆ ಪರ್ಯಾಯವಾಗಿ ಪ್ರತ್ಯೇಕ ಸ್ಟೇಟ್ ಸರ್ವರ್ ಮತ್ತು ಎಸ್‌ಕ್ಯೂಎಲ್ ಸರ್ವರ್ ಆಯ್ಕೆಗಳನ್ನು ಕೊಟ್ಟದ್ದು ಇಂಥದ್ದಕ್ಕಾಗಿಯೇ. ಇಂದು ಅದೇ ಕೆಲಸವನ್ನು ಹೆಚ್ಚಾಗಿ ರೆಡಿಸ್‌ನಂಥ ಸಾಮಾನ್ಯ ಸಂಗ್ರಹಗಳು ಮಾಡುತ್ತವೆ.

ಗಡಿ ದಾಟುವುದಕ್ಕೂ ತಮಗೂ ಸಂಬಂಧವಿಲ್ಲದೆ ಅಲ್ಲಿ ಸಿಕ್ಕಿಬೀಳುವ ಸಣ್ಣಪುಟ್ಟ ಕಳ್ಳರೂ ಇದ್ದಾರೆ. ಎರಡನೆಯ ಪುಟದಲ್ಲಿ ಪಿಎಚ್‌ಪಿಯ ‘ಸೆಷನ್_ಸ್ಟಾರ್ಟ್’ ಕರೆಯುವುದನ್ನೇ ಮರೆತಿರುವುದು. ಕಡತದ ಆರಂಭದಲ್ಲಿ ಕಣ್ಣಿಗೆ ಕಾಣದ ಅಕ್ಷರವೊಂದು ಕೂತು ಕುಕಿ ಹೊರಡುವ ಮೊದಲೇ ಪುಟ ಹೊರಟುಬಿಡುವುದು. ಪಿಎಚ್‌ಪಿ ಸೆಷನ್‌ನ ಸಹಜ ಆಯುಷ್ಯ 1440 ಸೆಕೆಂಡ್, ಅಂದರೆ 24 ನಿಮಿಷ. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಎಲ್ಲ ತಾಣಗಳ ಸೆಷನ್ ಕಡತಗಳೂ ಒಂದೇ ಕಡೆ ಬಿದ್ದಿದ್ದರೆ, ಪಕ್ಕದ ತಾಣ ಇನ್ನೂ ಕಡಿಮೆ ಆಯುಷ್ಯ ಇಟ್ಟುಕೊಂಡು ಕಸ ಗುಡಿಸುವಾಗ ನಿಮ್ಮ ಕಡತಗಳೂ ಹೋಗುತ್ತವೆ. ಹಣ ಕಟ್ಟುವ ಪುಟ ಸಾಮಾನ್ಯವಾಗಿ ಕೊನೆಯ ಪುಟ. ಸೆಷನ್ ಸಾಯುವ ಹೊತ್ತಿಗೆ ಗಿರಾಕಿ ಅಲ್ಲೇ ಇರುತ್ತಾನಾದ್ದರಿಂದ ಬೈಗುಳ ಎಚ್‌ಟಿಟಿಪಿಎಸ್‌ಗೆ.

ಹಾಗಾದರೆ ಪತ್ತೆ ಹಚ್ಚುವುದು ಹೇಗೆ? ಎರಡೂ ಕಡೆಯ ಪುಟಗಳಲ್ಲಿ ಸೆಷನ್ ಐಡಿಯನ್ನು ಲಾಗ್‌ಗೆ ಬರೆಯಿಸಿ ಹೋಲಿಸುವುದು ಎಲ್ಲಕ್ಕಿಂತ ಚುರುಕಾದ ಪರೀಕ್ಷೆ. ಐಡಿ ಬೇರೆ ಬಂದರೆ ತಪ್ಪು ಹೆಚ್ಚಾಗಿ ಕುಕಿಯ ದಾರಿಯಲ್ಲಿರುತ್ತದೆ. ಸರ್ವರ್ ಕಡೆ ಆಮೇಲೆ ತಲೆ ಹಾಕಿ. ಐಡಿ ಒಂದೇ ಆಗಿದ್ದು ದತ್ತಾಂಶ ಖಾಲಿಯಿದ್ದರೆ ತಪ್ಪು ಸಂಗ್ರಹದಲ್ಲಿದೆ, ಬ್ರೌಸರ್ ಮುಚ್ಚಿಬಿಡಿ. ಐಡಿಯೂ ಒಂದೇ, ದತ್ತಾಂಶವೂ ಇದೆ, ಪುಟ ಮಾತ್ರ ತಪ್ಪು ತೋರಿಸುತ್ತದೆ ಎಂದರೆ ತಪ್ಪು ನಿಮ್ಮ ಕೋಡ್‌ನಲ್ಲಿ, ಗಡಿಯ ಮಾತೇ ಇಲ್ಲ. ಕುಕಿಯ ದಾರಿ ನೋಡುವುದಕ್ಕೆ ಬ್ರೌಸರ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಪಟ್ಟಿ ತೆರೆದರೆ ಸಾಕು: ಸರ್ವರ್ ಯಾವ ಉತ್ತರದಲ್ಲಿ ‘ಸೆಟ್-ಕುಕಿ’ ಕಳಿಸಿತು, ಅದರ ಜತೆ ಯಾವ ಷರತ್ತುಗಳಿದ್ದವು, ಮುಂದಿನ ಕೋರಿಕೆಯಲ್ಲಿ ‘ಕುಕಿ’ ಸಾಲು ಹೋಯಿತೇ ಇಲ್ಲವೇ. ಇಂದಿನ ಕ್ರೋಮ್ ತಾನು ತಡೆದ ಕುಕಿಯ ಪಕ್ಕ ಕಾರಣವನ್ನೂ ಬರೆಯುತ್ತದೆ. ಹಿಂದಿನವರಿಗೆ ಈ ಸುಖ ಇರಲಿಲ್ಲ. ಫೈರ್‌ಬಗ್, ಫಿಡ್ಲರ್‌ನಂಥ ಸಲಕರಣೆಗಳ ಮುಂದೆ ಕೂತು ಸಾಲು ಸಾಲು ಓದಬೇಕಿತ್ತು. ಒಂದು ಎಚ್ಚರಿಕೆ: ಸೆಷನ್ ಐಡಿ ಎಂದರೆ ಆ ಹೊತ್ತಿನ ಮಟ್ಟಿಗೆ ಪಾಸ್‌ವರ್ಡ್‌ಗೆ ಸಮ. ಪರೀಕ್ಷೆ ಮುಗಿದ ಮೇಲೆ ಆ ಲಾಗ್ ಸಾಲುಗಳನ್ನು ಅಳಿಸಲೇಬೇಕು.

ಇನ್ನು ಮದ್ದಿನ ಮಾತು. ಅತಿ ಜನಪ್ರಿಯವಾಗಿದ್ದ ಮದ್ದು ಸೆಷನ್ ಐಡಿಯನ್ನು ವಿಳಾಸದ ಬಾಲಕ್ಕೆ ಕಟ್ಟಿ ಕಳಿಸುವುದು. ಡೊಮೈನ್ ಬದಲಾಗಲಿ, ಬೀಗ ಬರಲಿ ಹೋಗಲಿ, ಬಾಲ ಜತೆಗೇ ಇರುತ್ತದೆ. ಪಿಎಚ್‌ಪಿಯಲ್ಲಂತೂ ಕೊಂಡಿಗಳಿಗೆ ಐಡಿಯನ್ನು ತಾನಾಗಿ ಸೇರಿಸುವ ಸೌಲಭ್ಯವೇ ಇತ್ತು. ಆದರೆ ವಿಳಾಸ ಎಲ್ಲೆಲ್ಲಿ ಹೋಗುತ್ತದೆ ಎಂದು ಯೋಚಿಸಿ: ಬ್ರೌಸರ್‌ನ ಇತಿಹಾಸಕ್ಕೆ, ಸರ್ವರ್‌ನ ಲಾಗ್‌ಗೆ, ಹೊರಗಿನ ಕೊಂಡಿ ಒತ್ತಿದಾಗ ರೆಫರರ್ ಮೂಲಕ ಬೇರೆ ತಾಣಕ್ಕೆ, ‘ಈ ಸೀರೆ ಚೆನ್ನಾಗಿದೆ ನೋಡು’ ಎಂದು ಕೊಂಡಿ ಕಳಿಸಿದಾಗ ಅಕ್ಕನ ಇಮೇಲ್‌ಗೆ. ಅಕ್ಕ ಕೊಂಡಿ ಒತ್ತಿದರೆ ತಂಗಿಯ ಖಾತೆ ತೆರೆಯುತ್ತದೆ. ಇದಕ್ಕೂ ಕುಟಿಲವಾದ ದಾರಿಯನ್ನು ಭದ್ರತಾ ತಜ್ಞ ಮಿತ್ಯ ಕೋಲ್ಶೆಕ್ 2002ರಲ್ಲಿ ವಿವರಿಸಿದರು. ಕಳ್ಳ ಐಡಿ ಕದಿಯಬೇಕಾಗಿಲ್ಲ. ತಾನೇ ಒಂದು ಐಡಿ ಇರುವ ಕೊಂಡಿ ಕಳಿಸಿ, ನೀವು ಅದರಲ್ಲಿ ಲಾಗಿನ್ ಆಗುವವರೆಗೆ ಕಾದರಾಯಿತು. ಸೆಷನ್ ಫಿಕ್ಸೇಷನ್ ಎಂದು ಹೆಸರಾದ ಈ ದಾಳಿಗೆ ಉತ್ತರ, ಲಾಗಿನ್ ಆದ ಕ್ಷಣ ಹೊಸ ಐಡಿ ಕೊಡುವುದು. ಪಿಎಚ್‌ಪಿ 5.3ರ ಹೊತ್ತಿಗೆ ಕುಕಿಯಲ್ಲಿ ಬಂದ ಐಡಿಯನ್ನು ಮಾತ್ರ ನಂಬುವುದು ಸಹಜ ಸೆಟ್ಟಿಂಗ್ ಆಯಿತು.

ಎರಡನೆಯ ಮದ್ದು ಇನ್ನೂ ಸುಲಭ: ಸೆಕ್ಯೂರ್ ಷರತ್ತನ್ನು ಕಿತ್ತುಹಾಕುವುದು. ಒಂದು ಸಾಲು ಬದಲಿಸಿದರೆ ದೂರು ನಿಂತುಹೋಗುತ್ತದೆ, ಮ್ಯಾನೇಜರ್‌ಗೆ ಸಂತೋಷ. ಆಗುವುದೇನೆಂದರೆ, ಬೀಗದೊಳಗೆ ಜೋಪಾನವಾಗಿ ಪಾಸ್‌ವರ್ಡ್ ಪಡೆದು, ಅದಕ್ಕೆ ಬದಲಾಗಿ ಕೊಟ್ಟ ಗುರುತುಸಂಖ್ಯೆಯನ್ನು ಬಯಲಿನಲ್ಲಿ ಕೂಗಿ ಹೇಳಿದಂತೆ. 2007ರಲ್ಲೇ ಭದ್ರತಾ ತಜ್ಞ ರಾಬರ್ಟ್ ಗ್ರಹಾಂ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ವೈಫೈ ಗಾಳಿಯಿಂದ ಕುಕಿ ಹಿಡಿದು ಬೇರೆಯವರ ಖಾತೆಯೊಳಗೆ ಕಾಲಿಡುವುದನ್ನು ತೋರಿಸಿದ್ದರು. ತಜ್ಞರು ತಲೆಯಾಡಿಸಿದರು, ತಾಣಗಳು ಕದಲಲಿಲ್ಲ. 2010ರ ಅಕ್ಟೋಬರ್‌ನಲ್ಲಿ ಪ್ರೋಗ್ರಾಮರ್ ಎರಿಕ್ ಬಟ್ಲರ್ ಸ್ಯಾನ್ ಡಿಯಾಗೊದ ಟೂರ್‌ಕಾನ್ ಸಮ್ಮೇಳನದಲ್ಲಿ ಫೈರ್‌ಶೀಪ್ ಎಂಬ ಫೈರ್‌ಫಾಕ್ಸ್ ವಿಸ್ತರಣೆ ಬಿಡುಗಡೆ ಮಾಡಿದಾಗ ಲೆಕ್ಕ ಬದಲಾಯಿತು. ಕಾಫಿ ಅಂಗಡಿಯಲ್ಲಿ ಕೂತು ಅದನ್ನು ಚಾಲೂ ಮಾಡಿದರೆ ಅದೇ ವೈಫೈಯಲ್ಲಿ ಫೇಸ್‌ಬುಕ್, ಟ್ವಿಟರ್ ನೋಡುತ್ತಿದ್ದವರ ಹೆಸರು, ಫೋಟೊ ಪಕ್ಕದ ಪಟ್ಟಿಯಲ್ಲಿ ಸಾಲಾಗಿ ಮೂಡುತ್ತಿದ್ದವು. ಒಂದರ ಮೇಲೆ ಒತ್ತಿದರೆ ನೀವು ಅವರಾಗಿಬಿಡುತ್ತಿದ್ದಿರಿ. ತಾಂತ್ರಿಕವಾಗಿ ಅದರಲ್ಲಿ ಹೊಸದೇನೂ ಇರಲಿಲ್ಲ. ಹೊಸತೆಂದರೆ, ಯಾವ ಜ್ಞಾನವೂ ಬೇಡದ ಯಾರ ಕೈಗಾದರೂ ಅದು ಸಿಕ್ಕಿದ್ದು. ಅಪಾಯದ ಸಲಕರಣೆ ಹಂಚಿದರೆಂದು ಬಟ್ಲರ್ ಅವರನ್ನು ದೂರಿದವರಿದ್ದರು. ನನ್ನ ಕಣ್ಣಿಗೆ ಅವರು ಮಾಡಿದ್ದು ಉಪಕಾರ.

ನಡುವಿನ ದಾರಿಯೊಂದಿತ್ತು, ಅದನ್ನು ಹಗುರ ಮಾಡಲಾರೆ. ಒಂದೇ ಸೆಷನ್‌ಗೆ ಗಡಿ ದಾಟಿಸುವ ಬದಲು ಎರಡು ಕುಕಿ ಇಡುವುದು. 2008ರ ವರ್ಡ್‌ಪ್ರೆಸ್ 2.6 ಇದನ್ನು ಚೆನ್ನಾಗಿ ಮಾಡಿತು: ನಿರ್ವಹಣೆಯ ಪುಟಗಳಿಗೆ ಸೆಕ್ಯೂರ್ ಷರತ್ತಿನ ಕುಕಿ, ಹೊರಗಿನ ಪುಟಗಳಲ್ಲಿ ‘ನೀವು ಇಂಥವರು’ ಎಂದು ತೋರಿಸಲು ಬೇರೆ ಕುಕಿ. ಬಯಲಿನ ಕುಕಿ ಕಳುವಾದರೂ ಕಳ್ಳನಿಗೆ ಸಿಗುವುದು ಹೆಸರು, ಅಧಿಕಾರವಲ್ಲ. ಅಂಗಡಿಗಳಲ್ಲೂ ಬುಟ್ಟಿಗೊಂದು, ಹಣಕ್ಕೊಂದು ಎಂದು ಹೀಗೆ ವಿಂಗಡಿಸಬಹುದಿತ್ತು. ಆದರೆ ಯಾವ ಪುಟ ಯಾವ ಕುಕಿಯನ್ನು ನಂಬಬೇಕು ಎಂಬುದನ್ನು ಪ್ರತಿ ಪ್ರೋಗ್ರಾಮರ್ ಪ್ರತಿ ಸಲ ನೆನಪಿಡಬೇಕು. ಒಬ್ಬ ಮರೆತರೆ ಸಾಕು.

ಆದ್ದರಿಂದ ಗಡಿಯನ್ನೇ ಅಳಿಸುವುದು ಉಳಿದ ದಾರಿ. ಅದನ್ನು ತಡೆದು ನಿಂತಿದ್ದ ಕಾರಣಗಳು ಒಂದೊಂದಾಗಿ ಬಿದ್ದವು. ಜಿಮೇಲ್ 2010ರ ಜನವರಿಯಲ್ಲಿ ಎಲ್ಲರಿಗೂ ಎಚ್‌ಟಿಟಿಪಿಎಸ್ ಅನ್ನೇ ಸಹಜ ಮಾಡಿತು. ಇದಕ್ಕಾಗಿ ಹೊಸ ಯಂತ್ರ ಬೇಕಾಗಲಿಲ್ಲ, ಗೂಢಲಿಪಿಯ ಹೊರೆ ಸಿಪಿಯು ಕೆಲಸದ ಶೇ 1ಕ್ಕಿಂತ ಕಡಿಮೆ ಎಂದು ಗೂಗಲ್‌ನ ಆಡಂ ಲ್ಯಾಂಗ್ಲಿ ಅದೇ ವರ್ಷ ಹೇಳಿದರು. ‘ಎಸ್ಎಸ್ಎಲ್ ಭಾರ’ ಎಂಬ ಹಳೆಯ ವಾದಕ್ಕೆ ಅಲ್ಲಿಗೆ ತೆರೆ ಬೀಳಬೇಕಿತ್ತು. ಮೀಟಿಂಗ್‌ಗಳಲ್ಲಿ ಇನ್ನೂ ಹಲವು ವರ್ಷ ಬದುಕಿತ್ತು ಅನ್ನುವುದು ಬೇರೆ ಮಾತು. ಫೇಸ್‌ಬುಕ್ 2011ರಲ್ಲಿ ಎಚ್‌ಟಿಟಿಪಿಎಸ್ ಅನ್ನು ಆಯ್ಕೆಯಾಗಿ ಕೊಟ್ಟು 2013ರಲ್ಲಿ ಎಲ್ಲರಿಗೂ ಅನ್ವಯಿಸಿತು, ಟ್ವಿಟರ್ 2012ರಲ್ಲಿ. ಬಯಲಿನಿಂದ ಬೀಗದ ಪುಟಕ್ಕೆ ಹೋಗುವ ಆ ಒಂದು ಹೆಜ್ಜೆಯಲ್ಲೇ ನಡುವೆ ನಿಂತು ಮೋಸ ಮಾಡಬಹುದೆಂದು ಭದ್ರತಾ ತಜ್ಞ ಮಾಕ್ಸಿ ಮಾರ್ಲಿನ್‌ಸ್ಪೈಕ್ 2009ರಲ್ಲಿ ಎಸ್ಎಸ್ಎಲ್‌ಸ್ಟ್ರಿಪ್ ಎಂಬ ಸಲಕರಣೆಯ ಮೂಲಕ ತೋರಿಸಿದ್ದರು. ಅದಕ್ಕೆ ಉತ್ತರವಾಗಿ, ‘ನನ್ನ ತಾಣಕ್ಕೆ ಬಯಲು ದಾರಿಯಲ್ಲಿ ಬರಲೇಬೇಡ’ ಎಂದು ಬ್ರೌಸರ್‌ಗೆ ಹೇಳುವ ಎಚ್ಎಸ್‌ಟಿಎಸ್ 2012ರಲ್ಲಿ ಮಾನಕವಾಯಿತು. ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ 2015ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ತೆರೆದುಕೊಂಡಾಗ ಪ್ರಮಾಣಪತ್ರದ ಖರ್ಚೂ ಹೋಯಿತು. 2018ರ ಜುಲೈನಲ್ಲಿ ಬಂದ ಕ್ರೋಮ್ 68 ಎಲ್ಲ ಬಯಲು ಪುಟಗಳ ಮೇಲೂ ‘ಸುರಕ್ಷಿತವಲ್ಲ’ ಎಂದು ಬರೆಯತೊಡಗಿತು.

ಅಲ್ಲಿಗೆ ಸಮಸ್ಯೆ ಮುಗಿಯಬೇಕಿತ್ತು. ಹಾಗಾಗಲಿಲ್ಲ, ಗಡಿ ಬ್ರೌಸರ್‌ನ ಕಣ್ಣಿನಿಂದ ಮರೆಯಾಗಿ ಸರ್ವರ್‌ನ ಹಿತ್ತಲಿಗೆ ಹೋಯಿತು. ಈಗ ಬೀಗ ತೆರೆಯುವುದು ಹೆಚ್ಚಾಗಿ ಮುಂದಿರುವ ಪ್ರಾಕ್ಸಿ ಅಥವಾ ಸಿಡಿಎನ್. ಅಲ್ಲಿಂದ ಒಳಗಿನ ಅಪ್ಲಿಕೇಷನ್‌ಗೆ ಮಾತುಕತೆ ಬಯಲಿನಲ್ಲೇ ನಡೆಯುತ್ತದೆ. ಬಳಕೆದಾರನ ಬ್ರೌಸರ್ ಬೀಗ ತೋರಿಸುತ್ತಿದೆ, ಅಪ್ಲಿಕೇಷನ್‌ಗೆ ಮಾತ್ರ ಎಲ್ಲವೂ ಎಚ್‌ಟಿಟಿಪಿ. ‘ಎಕ್ಸ್-ಫಾರ್ವರ್ಡೆಡ್-ಪ್ರೋಟೊ’ ಎಂಬ ಸಾಲಿನಲ್ಲಿ ಪ್ರಾಕ್ಸಿ ನಿಜ ಹೇಳುತ್ತದೆ, ಆದರೆ ಅದನ್ನು ನಂಬು ಎಂದು ಅಪ್ಲಿಕೇಷನ್‌ಗೆ ಯಾರಾದರೂ ಹೇಳಬೇಕು. ನೋಡ್‌ನ ಎಕ್ಸ್‌ಪ್ರೆಸ್‌ನಲ್ಲಿ ‘ಟ್ರಸ್ಟ್ ಪ್ರಾಕ್ಸಿ’ ಹಾಕದೆ ಸೆಕ್ಯೂರ್ ಕುಕಿ ಕೇಳಿದರೆ ಅದು ಕುಕಿಯನ್ನೇ ಕಳಿಸುವುದಿಲ್ಲ, ದೂರನ್ನೂ ಹೇಳುವುದಿಲ್ಲ. ಲಾಗಿನ್ ಆಗುತ್ತದೆ, ಮರುಪುಟದಲ್ಲಿ ಲಾಗಿನ್ ಇಲ್ಲ. ಇನ್ನು ಅಪ್ಲಿಕೇಷನ್ ‘ಇದು ಬಯಲು, ಬೀಗಕ್ಕೆ ಹೋಗು’ ಎಂದು ಮರುನಿರ್ದೇಶಿಸುತ್ತಾ ಹೋದರೆ ಬ್ರೌಸರ್ ಸುತ್ತಿ ಸುತ್ತಿ ಕೊನೆಗೆ ಕೈಚೆಲ್ಲುತ್ತದೆ.

ಇಂದಿನ ಅತಿ ದೊಡ್ಡ ತಲೆನೋವು ಮಾತ್ರ ಬೇರೆ, ಮತ್ತು ಅದು ನಮ್ಮ ದೇಶಕ್ಕೆ ಹೆಚ್ಚು ತಟ್ಟುವಂಥದ್ದು. ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಎರಡನೆಯ ದೃಢೀಕರಣ ಕಡ್ಡಾಯವೆಂದು ರಿಸರ್ವ್ ಬ್ಯಾಂಕ್ 2009ರಲ್ಲೇ ವಿಧಿಸಿತು. ಹಾಗಾಗಿ ಇಲ್ಲಿ ಕಾರ್ಡ್ ಬಳಸುವ ಗಿರಾಕಿಯ ಬ್ರೌಸರ್ ಅಂಗಡಿಯಿಂದ ಪಾವತಿ ಗೇಟ್‌ವೇಗೆ, ಅಲ್ಲಿಂದ ಬ್ಯಾಂಕ್‌ನ ಒಟಿಪಿ ಪುಟಕ್ಕೆ ಹೋಗಿ ಮರಳುವುದು ಮಾಮೂಲು. ಮರಳುವುದು ಹಲವು ಸಲ ಪೋಸ್ಟ್ ವಿಧಾನದಲ್ಲಿ. 2020ರ ಫೆಬ್ರವರಿಯಲ್ಲಿ ಕ್ರೋಮ್ 80 ಹೊಸ ನಿಯಮ ತಂದಿತು: ‘ಸೇಮ್‌ಸೈಟ್’ ಷರತ್ತು ಹೇಳದ ಕುಕಿಯನ್ನು ‘ಲ್ಯಾಕ್ಸ್’ ಎಂದು ಭಾವಿಸಿ, ಬೇರೆ ತಾಣದಿಂದ ಬಂದ ಪೋಸ್ಟ್ ಜತೆ ಕಳಿಸುವುದಿಲ್ಲ. ಬ್ಯಾಂಕ್‌ನಿಂದ ಮರಳಿದ ಗಿರಾಕಿಯ ಸೆಷನ್ ಇಲ್ಲ. ದುಡ್ಡು ಹೋಗಿದೆ, ಆರ್ಡರ್ ಇಲ್ಲ. ಕೊರೊನಾದ ಗದ್ದಲದಲ್ಲಿ ತಾಣಗಳು ಮುರಿಯದಿರಲೆಂದು ಗೂಗಲ್ ಏಪ್ರಿಲ್‌ನಲ್ಲಿ ಇದನ್ನು ಹಿಂತೆಗೆದು ಜುಲೈನಲ್ಲಿ ಮತ್ತೆ ಜಾರಿಗೆ ತಂದಿತು. ಗೊಂದಲ ಹೆಚ್ಚಿಸಿದ್ದು ಅದರೊಳಗಿನ ರಿಯಾಯಿತಿ. ಕುಕಿ ಹುಟ್ಟಿ ಎರಡು ನಿಮಿಷ ಆಗಿರದಿದ್ದರೆ ಪೋಸ್ಟ್ ಜತೆಗೂ ಹೋಗಲು ಬಿಡುತ್ತದೆ. ಪರೀಕ್ಷಿಸುವವನು ಹೊಸ ಕಿಟಕಿ ತೆರೆದು ಒಂದೂವರೆ ನಿಮಿಷದಲ್ಲಿ ಖರೀದಿ ಮುಗಿಸಿ ‘ನನಗೆ ಸರಿಯಾಗಿದೆ’ ಎನ್ನುತ್ತಾನೆ. ಹತ್ತು ನಿಮಿಷ ಸೀರೆ ಆರಿಸಿದವಳಿಗೆ ಮಾತ್ರ ಕೆಡುತ್ತದೆ. ಅವಳು ಮರಳಿದ ಪುಟ ಅಮಾಯಕವಾಗಿ ಹೊಸ ಸೆಷನ್ ಶುರು ಮಾಡಿದರೆ ಹಳೆಯ ಕುಕಿಯೂ ಅಳಿಸಿ, ಲಾಗಿನ್ ಕೂಡ ಹೋಗುತ್ತದೆ.

ಇಲ್ಲೂ ‘ಸೇಮ್‌ಸೈಟ್ ನನ್’ ಎಂದು ಬರೆದು ಕೈತೊಳೆದುಕೊಳ್ಳುವ ದಾರಿಯಿದೆ. ಅದಕ್ಕೆ ಸೆಕ್ಯೂರ್ ಷರತ್ತು ಕಡ್ಡಾಯ. ಅದಕ್ಕಿಂತ ಮೇಲು, ಗೇಟ್‌ವೇ ಮರಳಿಸುವ ಪುಟದಲ್ಲಿ ಸೆಷನ್ ಶುರು ಮಾಡದೆ, ಬಂದ ಮಾಹಿತಿಯ ಸಹಿಯನ್ನಷ್ಟೇ ಪರಿಶೀಲಿಸಿ, ಆರ್ಡರ್ ಸಂಖ್ಯೆಯ ಮೇಲೆ ಹಣದ ಲೆಕ್ಕ ಬರೆದು, ಆಮೇಲೆ ನಮ್ಮದೇ ಇನ್ನೊಂದು ಪುಟಕ್ಕೆ ಗೆಟ್ ವಿಧಾನದಲ್ಲಿ ಕಳಿಸುವುದು. ಲ್ಯಾಕ್ಸ್ ಕುಕಿ ಅಲ್ಲಿ ಬರುತ್ತದೆ. ಗೇಟ್‌ವೇಯ ಸರ್ವರ್ ನಮ್ಮ ಸರ್ವರ್‌ಗೆ ನೇರವಾಗಿ ತಿಳಿಸುವ ವೆಬ್‌ಹುಕ್ ಇದ್ದೇ ಇರಬೇಕು. ಹಣ ಬಂತೋ ಇಲ್ಲವೋ ಎಂಬ ಸಂಗತಿಯನ್ನು ಗಿರಾಕಿಯ ಬ್ರೌಸರ್‌ನ ಸೆಷನ್‌ಗೆ ಗಂಟುಹಾಕಿದ್ದೇ ಮೂಲ ತಪ್ಪು. ಸೇಮ್‌ಸೈಟ್ ಅದನ್ನು ಬಯಲಿಗೆಳೆಯಿತು, ಅಷ್ಟೆ.

2021ರಲ್ಲಿ ಕ್ರೋಮ್ 89 ಇನ್ನೊಂದು ಹೆಜ್ಜೆ ಇಟ್ಟಿತು. ಅದರ ಲೆಕ್ಕದಲ್ಲಿ ಒಂದೇ ಡೊಮೈನ್‌ನ ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ರೂಪಗಳು ಎರಡು ಬೇರೆ ತಾಣಗಳು. ಬಯಲು ಪುಟದಲ್ಲಿ ಫಾರ್ಮ್ ಇಟ್ಟು ಬೀಗದ ಪುಟಕ್ಕೆ ಪೋಸ್ಟ್ ಮಾಡುವ ಹಳೆಯ ಲಾಗಿನ್ ವಿನ್ಯಾಸಕ್ಕೆ ಇದರಿಂದ ಕಡಿವಾಣ ಬಿತ್ತು. ಕುಕಿ ಬಿಟ್ಟು ಬ್ರೌಸರ್‌ನೊಳಗಿನ ‘ಸೆಷನ್‌ಸ್ಟೋರೇಜ್’, ‘ಲೋಕಲ್‌ಸ್ಟೋರೇಜ್’ ನಂಬಿದವರಿಗೆ ಈ ಗೋಡೆ ಮೊದಲಿನಿಂದಲೂ ಇತ್ತು; ಅವುಗಳಿಗೆ ಸ್ಕೀಮ್ ಬದಲಾದರೆ ಮನೆಯೇ ಬದಲು.

ಇನ್ನೂ ಅರ್ಧ ಬೀಗ, ಅರ್ಧ ಬಯಲಿನ ತಾಣ ನೋಡಿಕೊಳ್ಳುತ್ತಿರುವವರು ಇದ್ದಾರೆ: ಸಂಘಗಳ, ಸಣ್ಣ ಪ್ರಕಾಶಕರ, ಶಾಲೆಗಳ ಹಳೆಯ ತಾಣಗಳು. ಅವರಲ್ಲಿ ಒಂದು ಕೋರಿಕೆ. ಸೆಷನ್ ಕೋಡ್‌ಗೆ ಕೈ ಹಾಕುವ ಮೊದಲು 80ಕ್ಕೆ ಬಂದವರನ್ನೆಲ್ಲ 443ಕ್ಕೆ ಕಳಿಸಿ, ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇರುವ, ಇಲ್ಲದ ಎರಡರಲ್ಲಿ ಒಂದೇ ಹೆಸರು ಉಳಿಸಿಕೊಳ್ಳಿ. ಸೆಷನ್ ಕುಕಿಗೆ ಸೆಕ್ಯೂರ್, ಎಚ್‌ಟಿಟಿಪಿಓನ್ಲಿ (ಪುಟದ ಸ್ಕ್ರಿಪ್ಟ್‌ಗಳಿಗೆ ಕುಕಿ ಕಾಣದಂತೆ ಮಾಡುವ ಷರತ್ತು), ಸೇಮ್‌ಸೈಟ್ ಷರತ್ತುಗಳನ್ನು ಬಾಯಿಬಿಟ್ಟು ಹೇಳಿ. ಎಚ್ಎಸ್‌ಟಿಎಸ್ ಅನ್ನು ಮೊದಲು ಕೆಲವೇ ನಿಮಿಷಗಳ ಅವಧಿಗೆ ಹಾಕಿ, ಉಪಡೊಮೈನ್‌ಗಳೆಲ್ಲ ಬೀಗದಲ್ಲಿ ತೆರೆಯುತ್ತವೆಯೇ ನೋಡಿ, ಆಮೇಲೆ ಒಂದು ವರ್ಷಕ್ಕೆ, ಅಂದರೆ 31536000 ಸೆಕೆಂಡ್‌ಗೆ, ಏರಿಸಿ. ಹಾಗೆ ಏರಿಸಿದ ಮೇಲೆ ಪ್ರಮಾಣಪತ್ರದ ಅವಧಿ ಮುಗಿದರೆ ಬ್ರೌಸರ್ ‘ಆದರೂ ಮುಂದುವರಿಯಿರಿ’ ಎಂಬ ಆಯ್ಕೆಯನ್ನೂ ಕೊಡುವುದಿಲ್ಲ. ಆದ್ದರಿಂದ ಪ್ರಮಾಣಪತ್ರ ತಾನಾಗಿ ನವೀಕರಣವಾಗುತ್ತಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ.